ಮೂತ್ರಸ್ರಾವದ ಶಸ್ತ್ರಚಿಕಿತ್ಸೆ: ಯಾವ ಪಟ್ಟಿ ಎಂದು ಕೇಳಿ ತಿಳಿಯಿರಿ

ಕೆಮ್ಮಿದಾಗ, ಸೀನಿದಾಗ, ತುಂಬಿದ ಕೊಡ ಎತ್ತಿದಾಗ ಮೂತ್ರ ಹನಿಯುವ ತೊಂದರೆಯನ್ನು ಅನೇಕ ತಾಯಂದಿರು ಮನೆಯವರಿಗೂ ಹೇಳದೆ ವರ್ಷಗಟ್ಟಲೆ ಸಹಿಸುತ್ತಾರೆ. ಹೆರಿಗೆ, ಇಳಿವಯಸ್ಸು, ಸ್ಥೂಲಕಾಯ ಮುಂತಾದ ಕಾರಣಗಳಿಂದ ಮೂತ್ರದ್ವಾರದ ನಾಳಕ್ಕೆ ಆಸರೆಯಾದ ಸ್ನಾಯುಗಳು ಸಡಿಲಗೊಳ್ಳುವುದರಿಂದ ಇದು ಉಂಟಾಗುತ್ತದೆ. ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ಮೊದಲ ಚಿಕಿತ್ಸೆ ವ್ಯಾಯಾಮ. ಮೂತ್ರ ತಡೆಯುವಾಗ ಬಿಗಿಯಾಗುವ ಸ್ನಾಯುಗಳನ್ನು ದಿನಕ್ಕೆ 3 ಬಾರಿ, ಪ್ರತಿ ಬಾರಿ ಕನಿಷ್ಠ 8 ಸಲ ಬಿಗಿದು ಸಡಿಲಿಸಬೇಕು. 3 ತಿಂಗಳು ಬಿಡದೆ ಮಾಡಿದರೂ ಗುಣ ಕಾಣದಿದ್ದಲ್ಲಿ ಶಸ್ತ್ರಚಿಕಿತ್ಸೆಯನ್ನು ಆಲೋಚಿಸಬಹುದು. ಅದರಲ್ಲೊಂದು, ನಾಳದ ಕೆಳಗೆ ಜೋಲಿಯಂತೆ ಆಧಾರಪಟ್ಟಿಯನ್ನು ಕೂಡಿಸುವುದು. ಇದಕ್ಕೆ 'ಸ್ಲಿಂಗ್' ಎಂದು ಹೆಸರು. ಪಟ್ಟಿಗಳು ಮುಖ್ಯವಾಗಿ ಮೂರು ಬಗೆ.

ಒಂದು, ರೋಗಿಯ ಹೊಟ್ಟೆ ಅಥವಾ ತೊಡೆಯಿಂದಲೇ ತೆಗೆದ ಗಟ್ಟಿಪೊರೆ. ಇದು ಸ್ವಂತ ದೇಹದ್ದಾದ ಕಾರಣ ದೇಹಕ್ಕೆ ಪರಕೀಯವಲ್ಲ. ಆದರೆ ಪೊರೆ ತೆಗೆದ ಕಡೆ ಇನ್ನೊಂದು ಗಾಯವಾಗುತ್ತದೆ, ಚೇತರಿಕೆ ನಿಧಾನ. ಕೆಲವರಿಗೆ ಬಳಿಕ ಮೂತ್ರ ಸಲೀಸಾಗಿ ಹೋಗುವುದಿಲ್ಲ.

ಎರಡು, ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ ಎಳೆಯ ಜಾಲರಿ. 1990ರ ದಶಕದಲ್ಲಿ ಉಲ್ಮ್‌ಸ್ಟೆನ್ ಮತ್ತು ಪೆಟ್ರೋಸ್ ಎಂಬ ವೈದ್ಯರು ಈ ವಿಧಾನವನ್ನು ರೂಪಿಸಿದರು. ಗಾಯ ಚಿಕ್ಕದು, ಚೇತರಿಕೆ ಬೇಗ. ಜಾಲರಿಯ ರಂಧ್ರಗಳು 75 ಮೈಕ್ರಾನ್‌ಗಿಂತ ದೊಡ್ಡದಿರಬೇಕು. ಆಗ ಮಾತ್ರ ರೋಗನಿರೋಧಕ ಕಣಗಳೂ ಹೊಸ ಅಂಗಾಂಶವೂ ಒಳಹೊಕ್ಕು ಸೋಂಕನ್ನು ತಡೆಯಬಲ್ಲವು. ಆದರೂ ಕೆಲವರಲ್ಲಿ ಜಾಲರಿ ಯೋನಿಯ ಅಥವಾ ಮೂತ್ರಕೋಶದ ಗೋಡೆಯನ್ನು ಸವೆಸಿ ಹೊರಬರುವುದುಂಟು, ನೋವು ಉಳಿಯುವುದೂ ಉಂಟು. ಒಳಗೆ ಬೆಸೆದುಕೊಂಡ ಜಾಲರಿಯನ್ನು ಪೂರ್ತಿ ತೆಗೆಯುವುದು ಕಷ್ಟ. ಇಂಥ ದೂರುಗಳಿಂದಲೇ 2018ರ ಜುಲೈನಲ್ಲಿ ಇಂಗ್ಲೆಂಡ್ ಇದರ ಬಳಕೆಗೆ ತಡೆಯೊಡ್ಡಿತು. 2019ರಲ್ಲಿ ಅಮೆರಿಕವು ಮಾರಾಟ ನಿಲ್ಲಿಸಿದ್ದು ಗರ್ಭಕೋಶ ಮುಂತಾದ ಅಂಗಗಳು ಜಾರುವ ತೊಂದರೆಗೆ ಯೋನಿಮಾರ್ಗವಾಗಿ ಹಾಕುವ ಜಾಲರಿಯನ್ನು, ಮೂತ್ರಸ್ರಾವದ ಪಟ್ಟಿಯನ್ನಲ್ಲ. ಇವೆರಡನ್ನೂ ಒಂದೇ ಎಂದು ಭಾವಿಸಬಾರದು.

ಮೂರು, ಹಂದಿಯ ಚರ್ಮ ಮೊದಲಾದ ಪ್ರಾಣಿಮೂಲದ ಪಟ್ಟಿ. ಕಾಲಕ್ರಮದಲ್ಲಿ ಇದರ ಬಿಗಿ ಕುಗ್ಗಬಹುದು. ಪ್ರಾಣಿಜನ್ಯ ವಸ್ತು ಒಲ್ಲದವರು ಮುಂಚೆಯೇ ವೈದ್ಯರಿಗೆ ತಿಳಿಸಬೇಕು.

ನಾನು ಆಯುರ್ವೇದ ವೈದ್ಯನಾದರೂ, ಅಗತ್ಯವಿದ್ದವರಿಗೆ ಈ ಶಸ್ತ್ರಚಿಕಿತ್ಸೆ ಬೇಡವೆನ್ನಲಾರೆ. ಆದರೆ ಒಪ್ಪಿಗೆಪತ್ರಕ್ಕೆ ಸಹಿ ಹಾಕುವ ಮುನ್ನ ಮೂರು ಪ್ರಶ್ನೆ ಕೇಳಿ: ಹಾಕುವ ಪಟ್ಟಿ ಯಾವುದು? ನನಗೆ ಅದೇ ಏಕೆ? ತೊಂದರೆಯಾದರೆ ತೆಗೆಯುವವರು ಯಾರು? ಪಟ್ಟಿಯ ಹೆಸರಿರುವ ದಾಖಲೆಯನ್ನು ಮನೆಯಲ್ಲಿ ಜೋಪಾನವಾಗಿಡಿ.