ಶ್ರೀನಗರದಿಂದ ಲೇಹ್‌ವರೆಗೆ

ಭಾರತದ ಭೂಪಟವನ್ನು ಬಿಡಿಸಿ ಅದರ ಉತ್ತರದ ತುದಿಯನ್ನು ನೋಡಿರಿ. ಕಾಶ್ಮೀರದ ಶ್ರೀನಗರದಿಂದ ಲಡಾಖಿನ ಲೇಹ್ ಪಟ್ಟಣಕ್ಕೆ ಹೋಗುವ, ೪೦೦ ಕಿಲೋಮೀಟರಿಗೂ ಮಿಕ್ಕ ಹೆದ್ದಾರಿಯೊಂದು ಅಲ್ಲಿದೆ. ಶಾಲೆಯಲ್ಲಿ ನಾವು ಭೂಗೋಳವನ್ನೂ ಚರಿತ್ರೆಯನ್ನೂ ಬೇರೆ ಬೇರೆ ಪಾಠಗಳಾಗಿ ಓದುತ್ತೇವೆ. ಈ ದಾರಿಯಲ್ಲಾದರೋ ಅವೆರಡನ್ನು ಅಗಲಿಸುವುದು ಸಾಧ್ಯವಿಲ್ಲ. ಅದು ಹೇಗೆಂಬುದನ್ನು ವಿಚಾರಿಸೋಣ.

ಶ್ರೀನಗರವನ್ನು ಬಿಟ್ಟ ರಸ್ತೆ ಸಿಂದ್ ಎಂಬ ನದಿಯ ದಡದಲ್ಲಿ ಮೇಲೇರುತ್ತದೆ. ಇದು ಝೇಲಂ ನದಿಯ ಉಪನದಿ; ಇದನ್ನು ಸಿಂಧೂನದಿಯೆಂದು ಭ್ರಮಿಸಬಾರದು. ದೇವದಾರುಗಳ ಕಾಡುಗಳನ್ನೂ, 'ಬಂಗಾರದ ಹುಲ್ಲುಗಾವಲು' ಎಂಬರ್ಥದ ಸೋನಮಾರ್ಗವನ್ನೂ ದಾಟಿದರೆ ಜೋಜಿ ಲಾ ಎದುರಾಗುತ್ತದೆ. 'ಲಾ' ಎಂದರೆ ಕಣಿವೆಮಾರ್ಗ. ಸುಮಾರು ೧೧,೫೦೦ ಅಡಿ ಎತ್ತರದ ಈ ಮಾರ್ಗವನ್ನು ದಾಟಿದೊಡನೆ ಪ್ರಕೃತಿಯ ರೂಪವೇ ಬದಲಾಗುತ್ತದೆ. ಈಚೆಗೆ ಹಸುರು ಕಾಡು. ಆಚೆಗೆ ಬೋಳು ಬೆಟ್ಟ.

ಇದರ ಕಾರಣವನ್ನು ಮುಂಬಯಿಯ ಮಕ್ಕಳಿಗೆ ತಿಳಿಸುವುದು ಸುಲಭ. ಕಡಲಿನಿಂದ ಬರುವ ಮೋಡಗಳು ಸಹ್ಯಾದ್ರಿಗೆ ತಾಗಿ ಈಚೆಗೇ ಮಳೆ ಸುರಿಸುವುದರಿಂದ ಘಟ್ಟದಾಚೆಯ ನಾಡು ಒಣಗಿರುತ್ತದೆ. ಅದನ್ನು ಮಳೆನೆರಳಿನ ಪ್ರದೇಶವೆನ್ನುತ್ತೇವೆ. ಹಿಮಾಲಯದ ನೆರಳು ಇನ್ನೂ ಗಾಢವಾದುದು. ಮುಂಬಯಿಯಲ್ಲಿ ವರ್ಷಕ್ಕೆ ೨,೦೦೦ ಮಿಲಿಮೀಟರಿಗೂ ಹೆಚ್ಚು ಮಳೆ ಬಿದ್ದರೆ, ಲೇಹ್‌ನಲ್ಲಿ ಬೀಳುವುದು ಸುಮಾರು ೧೦೦ ಮಿಲಿಮೀಟರ್ ಮಾತ್ರ!

ಜೋಜಿ ಲಾ ನಮ್ಮ ಚರಿತ್ರೆಯಲ್ಲಿಯೂ ಹೆಸರಾದುದು. ೧೯೪೮ರಲ್ಲಿ ಶತ್ರುಗಳು ಇದನ್ನು ಹಿಡಿದು ಕುಳಿತಾಗ ಲೇಹ್‌ಗೆ ಹೋಗುವ ಈ ದಾರಿ ಮುಚ್ಚಿಹೋಯಿತು. ಮಡಿಕೇರಿಯಲ್ಲಿ ಜನಿಸಿದ ಕೊಡಗಿನ ವೀರ ಜನರಲ್ ಕೆ. ಎಸ್. ತಿಮ್ಮಯ್ಯನವರು ಆ ವರ್ಷದ ನವೆಂಬರ್ ೧ರಂದು ಹಗುರವಾದ ಟ್ಯಾಂಕುಗಳನ್ನು ಅಷ್ಟು ಎತ್ತರಕ್ಕೆ ಏರಿಸಿ ಮಾರ್ಗವನ್ನು ಗೆದ್ದುಕೊಟ್ಟರು. ಅಲ್ಲಿಗೆ ಟ್ಯಾಂಕುಗಳು ಬಂದಾವೆಂದು ಎದುರಾಳಿಗಳು ಎಣಿಸಿರಲಿಲ್ಲ. ಇಂದಿಗೂ ಚಳಿಗಾಲದ ಹಿಮವು ಈ ದಾರಿಯನ್ನು ಮುಚ್ಚುತ್ತದೆ. ಈ ತೊಂದರೆಯನ್ನು ನೀಗಲೆಂದೇ ಬೆಟ್ಟದೊಳಗೆ ಸುರಂಗವನ್ನು ಕೊರೆಯುವ ಕಾರ್ಯ ೨೦೨೦ರಲ್ಲಿ ಆರಂಭವಾಯಿತು.

ಮುಂದೆ ಬರುವ ದ್ರಾಸ್ ಊರಿನಲ್ಲಿ ಚಳಿ ಅತಿ ಕಠೋರ. ೧೯೯೯ರ ಕಾರ್ಗಿಲ್ ಯುದ್ಧದಲ್ಲಿ ಮಡಿದ ಯೋಧರ ಸ್ಮಾರಕ ಇಲ್ಲಿದೆ. ಸುರು ನದಿಯ ದಡದ ಕಾರ್ಗಿಲ್ ಹಿಂದೆ ಶ್ರೀನಗರ, ಲೇಹ್, ಸ್ಕರ್ದು ಊರುಗಳ ವರ್ತಕರು ಕೂಡುತ್ತಿದ್ದ ತಾಣ. ಅಲ್ಲಿಂದ ಮುಂದೆ ಮುಲ್ಬೆಖ್ ಎಂಬಲ್ಲಿ ರಸ್ತೆಯ ಮಗ್ಗುಲ ಬಂಡೆಯಲ್ಲಿ, ಮುಂದೆ ಅವತರಿಸುವನೆಂದು ಬೌದ್ಧರು ನಂಬುವ ಮೈತ್ರೇಯನ ಭವ್ಯ ವಿಗ್ರಹವನ್ನು ಕಡೆದಿದ್ದಾರೆ.

ಈ ಹೆದ್ದಾರಿಯ ಅತ್ಯುನ್ನತ ಸ್ಥಳ ೧೩,೪೦೦ ಅಡಿಗೂ ಮೇಲಿರುವ ಫೋಟು ಲಾ. ಅದನ್ನು ಇಳಿದರೆ ಲಾಮಾಯೂರು. ಪ್ರಾಚೀನ ಬೌದ್ಧ ವಿಹಾರದ ಸುತ್ತಲೂ ಹಳದಿ ಜೇಡಿಮಣ್ಣು ಅಲೆಅಲೆಯಾಗಿ ಹಬ್ಬಿದೆ. ಒಂದು ಕಾಲಕ್ಕೆ ಇಲ್ಲಿ ಸರೋವರವಿತ್ತೆಂದೂ, ಮಹಾತ್ಮನೊಬ್ಬನು ಅದನ್ನು ಬತ್ತಿಸಿದನೆಂದೂ ಐತಿಹ್ಯ. ಭೂವಿಜ್ಞಾನಿಗಳೂ ಸರೋವರವಿದ್ದುದು ನಿಜವೆನ್ನುತ್ತಾರೆ: ನದಿಗೆ ಅಡ್ಡಕಟ್ಟಾಗಿ ನೀರು ನಿಂತು, ಮಣ್ಣು ಪದರಪದರವಾಗಿ ಕೆಳಗಿಳಿದು, ಕೊನೆಗೆ ನೀರು ಹರಿದುಹೋಗಿ ಮಣ್ಣು ಮಾತ್ರ ಉಳಿಯಿತು.

ಖಲ್ಸಿಯ ಬಳಿ ದಾರಿಯು ನಿಜವಾದ ಸಿಂಧೂನದಿಯನ್ನು ಸೇರುತ್ತದೆ. ಅದರ ಆಚೆ ದಡದಲ್ಲಿ ಆಲ್ಚಿ ಎಂಬ ಹಳ್ಳಿಯಿದೆ. ಅಲ್ಲಿನ ಮೂರಂತಸ್ತಿನ ದೇಗುಲದ ಗೋಡೆಗಳಲ್ಲಿ ಸುಮಾರು ೮೦೦ ವರ್ಷಗಳ ಹಿಂದಿನ ಚಿತ್ರಗಳು ಉಳಿದಿವೆ. ಅವಲೋಕಿತೇಶ್ವರನ ಮೃಣ್ಮಯ ಮೂರ್ತಿಯ ಧೋತರದ ಮೇಲೂ ಗುಡಿ, ಅರಮನೆಗಳನ್ನು ಬರೆದಿದ್ದಾರೆ. ಶೈಲಿ ಕಾಶ್ಮೀರದ್ದು. ಆದರೆ ಕಾಶ್ಮೀರದಲ್ಲಿ ಅಂಥ ಭಿತ್ತಿಚಿತ್ರಗಳು ಬಹುಮಟ್ಟಿಗೆ ಅಳಿದುಹೋಗಿವೆ! ಬೆಟ್ಟವನ್ನು ದಾಟಿಬಂದ ಕಲೆಯನ್ನು ಮಳೆಯಿಲ್ಲದ ನಾಡು ಕಾಪಾಡಿತು. ಬೆಳೆಗೆ ಕೊರತೆಯಾದ ಶುಷ್ಕತೆಯೇ ಚಿತ್ರಗಳಿಗೆ ರಕ್ಷೆಯಾಯಿತು.

ನಿಮ್ಮುವಿನಲ್ಲಿ ಝಂಸ್ಕಾರ್ ನದಿ ಸಿಂಧುವನ್ನು ಕೂಡುವ ಸಂಗಮವನ್ನು ಕಂಡು ಮುಂದುವರಿದರೆ, ಹದಿನೇಳನೆಯ ಶತಮಾನದ ದೊರೆ ಸೆಂಗೆ ನಮ್‌ಗ್ಯಾಲನ ಒಂಬತ್ತು ಅಂತಸ್ತಿನ ಅರಮನೆಯಿರುವ ಲೇಹ್ ಬರುತ್ತದೆ. ಅಲ್ಲಿಗೆ ದಾರಿ ಮುಗಿಯುತ್ತದೆ; ಚಿಂತೆ ಮುಗಿಯುವುದಿಲ್ಲ. ೨೦೧೦ರ ಆಗಸ್ಟ್ ತಿಂಗಳಿನ ಒಂದು ರಾತ್ರಿ ಲೇಹ್‌ನಲ್ಲಿ ಮೇಘಸ್ಫೋಟವಾಗಿ ಅನೇಕರು ಪ್ರಾಣ ಕಳೆದುಕೊಂಡರು. ಒಣ ಹವೆಯನ್ನು ನಂಬಿ ಕಟ್ಟಿದ ಮಣ್ಣಿನ ಮಾಳಿಗೆಗಳು ಜಡಿಮಳೆಯನ್ನು ತಾಳಲಾರವು. ಆಲ್ಚಿಯ ಗೋಡೆಗಳಿಗೂ ಸೋರುವ ನೀರು ಹಾನಿ ಮಾಡಿದೆ. ಎಂಟು ಶತಮಾನ ಹವೆ ಕಾಯ್ದುದನ್ನು ಇನ್ನು ಮನುಷ್ಯರು ಕಾಯಬೇಕಾಗಿದೆ.

ನಿಮ್ಮಲ್ಲಿ ಕೆಲವರಾದರೂ ಮುಂದೆ ಈ ದಾರಿಯಲ್ಲಿ ಪಯಣಿಸುವಿರಿ. ಆಗ ಗೋಡೆಯ ಚಿತ್ರಗಳನ್ನು ಕೈಯಿಂದ ಮುಟ್ಟದಿರಿ, ಹೆಸರು ಕೆತ್ತದಿರಿ, ನೀರು ಅಪರೂಪವಾದ ನಾಡಿನಲ್ಲಿ ನೀರನ್ನು ಹಿತವಾಗಿ ಬಳಸಿರಿ. ಅಲ್ಲಿಯವರೆಗೆ ಭೂಪಟದ ಮೇಲೆ ಜೋಜಿ ಲಾವನ್ನು ಗುರುತಿಸಿ, ಅದರ ಎರಡು ಮಗ್ಗುಲುಗಳನ್ನೂ ಹೋಲಿಸಿ ನೋಡಿರಿ.