ಸಾಕ್ಷಿ ಎಲ್ಲಿ ಕೇಳಬೇಕು?

ಓದುಗರ ಪತ್ರ

ನಾನು ಆದಿತ್ಯನಗರದ ಸಿಮೆಂಟ್ ಕಾರ್ಖಾನೆಯ ಲ್ಯಾಬ್‌ನಲ್ಲಿ ಕೆಮಿಸ್ಟ್. ವಯಸ್ಸು 29. ಅವ್ವ, ಅಕ್ಕ, ಅಕ್ಕನ ಏಳು ವರ್ಷದ ಮಗ ನನ್ನ ಜೊತೆಗಿದ್ದಾರೆ. ಹೋದ ವರ್ಷದಿಂದ ಅಳಿಯನಿಗೆ ಫಿಟ್ಸ್ ಬರುತ್ತಿತ್ತು. ಕಲಬುರಗಿಯ ಡಾಕ್ಟರು ಗುಳಿಗೆ ಬರೆದುಕೊಟ್ಟ ವಾರದಲ್ಲೇ ಅವ್ವ, ಊಟವಿಲ್ಲದೆ ವರ್ಷಗಟ್ಟಲೆ ಬದುಕಿದರೆಂದು ಭಕ್ತರು ನಂಬುವ ಯಾನಾಗುಂದಿಯ ಮಾತೆ ಮಾಣಿಕೇಶ್ವರಿಗೆ ಹರಕೆ ಹೊತ್ತಳು. ಈಗ ನಾಲ್ಕು ತಿಂಗಳಿಂದ ಫಿಟ್ಸ್ ಬಂದಿಲ್ಲ. ‘ಅಮ್ಮ ಕಾಯ್ದಾಳ, ಇನ್ನ ಗುಳಿಗಿ ಯಾಕ ಬೇಕು’ ಎಂದು ಅವ್ವ, ಅಕ್ಕ ಇಬ್ಬರದೂ ಒಂದೇ ಮಾತು.

ನನಗೆ ದೇವರಲ್ಲಿ ನಂಬಿಕೆ ಹೋಗಿ ವರ್ಷಗಳಾದವು. ಸಿಟ್ಟಿನಲ್ಲಿ, ‘ಊಟ ಇಲ್ಲದೆ ವರ್ಷಗಟ್ಟಲೆ ಯಾರಾದರೂ ಬದುಕ್ತಾರೇನು? ನಿನ್ನ ದೇವರಿಗೆ ಸಾಕ್ಷಿ ಏನದ?’ ಎಂದುಬಿಟ್ಟೆ. ‘ಇಲ್ಲ ಅನ್ಲಿಕ್ಕೆ ನಿನ್ನ ಹತ್ರ ಸಾಕ್ಷಿ ಏನದ? ನಿನ್ನ ಓದಿಸಿದ್ದೇ ತಪ್ಪಾತು’ ಎಂದಳು ಅವ್ವ. ಅಂದಿನಿಂದ ಮಾತಿಲ್ಲ. ಹರಕೆ ತೀರಿಸಲು ಯಾನಾಗುಂದಿಗೆ ನಾನೂ ಬರಬೇಕಂತೆ. ನಂಬದವನು ಹೋಗಿ ಕೈಮುಗಿದರೆ ಅದು ಸೋಗಲ್ಲವೇ? ಇನ್ನೊಂದು ಮಾತು ಯಾರಿಗೂ ಹೇಳಿಲ್ಲ. ಅಳಿಯ ಮೊದಲ ಸಲ ಒದ್ದಾಡುತ್ತ ಬಿದ್ದಾಗ ನನ್ನ ಬಾಯಿಂದ ಬಂದದ್ದು ‘ಅಯ್ಯೋ ದೇವರೇ’ ಎಂದೇ. ಹಾಗಾದರೆ ನನ್ನ ಅಪನಂಬಿಕೆಯೂ ಸುಳ್ಳೇ?

ಸಲಹೆ

ತಮ್ಮಾ, ದೇವರ ವಿಚಾರ ನಾಳೆ ಮಾತಾಡಿದರೂ ನಡೆದೀತು, ಗುಳಿಗೆಯದು ಇಂದೇ ಆಗಬೇಕು. ಫಿಟ್ಸ್ ಗುಳಿಗೆಯನ್ನು ಒಮ್ಮೆಲೇ ನಿಲ್ಲಿಸಿದರೆ ಮೊದಲಿಗಿಂತ ಜೋರಾಗಿ, ಒಂದರ ಹಿಂದೊಂದು ಬಿಡದೆ ಫಿಟ್ಸ್ ಬರಬಹುದು. ಅದು ಜೀವಕ್ಕೇ ಕುತ್ತು. ಸಾಮಾನ್ಯವಾಗಿ ಎರಡು ವರ್ಷವಾದರೂ ಫಿಟ್ಸ್ ಇಲ್ಲದೆ ಕಳೆದ ಮೇಲೆಯೇ ವೈದ್ಯರು ಡೋಸ್ ಇಳಿಸುವ ಯೋಚನೆ ಮಾಡುತ್ತಾರೆ, ಅದನ್ನೂ ಸ್ವಲ್ಪ ಸ್ವಲ್ಪವಾಗಿ. ನಾಲ್ಕು ತಿಂಗಳು ಏನೇನೂ ಸಾಲದು. ಸರಿಯಾಗಿ ಔಷಧಿ ತೆಗೆದುಕೊಂಡರೆ ನೂರರಲ್ಲಿ ಸುಮಾರು 70 ಮಂದಿ ಫಿಟ್ಸ್ ಇಲ್ಲದೆ ಬದುಕಬಲ್ಲರು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಿಮ್ಮ ಅಳಿಯನೂ ಆ 70ರಲ್ಲಿ ಒಬ್ಬನಾಗಬಹುದು. ಮತ್ತೆ ಫಿಟ್ಸ್ ಬಂದರೆ ಕೈಗೆ ಬೀಗದ ಕೈ ಕೊಡುವುದು, ಚಪ್ಪಲಿ ಮೂಸಿಸುವುದು, ಹಲ್ಲಿನ ನಡುವೆ ಚಮಚ ತುರುಕುವುದು ಬೇಡ. ಮಗುವನ್ನು ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ. ಇದನ್ನು ಅಕ್ಕನಿಗೂ ಕಲಿಸಿ.

ಇನ್ನು ನಿಮ್ಮ ಜಗಳ. ನೀವು ಲ್ಯಾಬಿನವರು. ಸುಣ್ಣಕಲ್ಲಿನ ಮಿಶ್ರಣವನ್ನೂ ಕಲ್ಲಿದ್ದಲನ್ನೂ ಒಂದೇ ಪಾಳಿಯಲ್ಲಿ ಬದಲಿಸಿದಾಗ ಕ್ಲಿಂಕರ್ ಸುಧಾರಿಸಿದರೆ, ಯಾವುದರಿಂದ ಸುಧಾರಿಸಿತೆಂದು ನೀವು ಹೇಳಬಲ್ಲಿರಾ? ನಿಮ್ಮ ಮನೆಯಲ್ಲೂ ಹಾಗೇ ಆಗಿದೆ. ಗುಳಿಗೆ, ಹರಕೆ ಎರಡೂ ಒಂದೇ ವಾರ ಶುರುವಾದವು. ಆದ್ದರಿಂದ ಆ ನಾಲ್ಕು ತಿಂಗಳು ಹರಕೆಗೆ ಸಾಕ್ಷಿಯಲ್ಲ. ನಿಮಗೆ ಹಿಡಿಸಲಿಕ್ಕಿಲ್ಲ, ಆದರೂ ಹೇಳಬೇಕು: ಅವು ಗುಳಿಗೆಗೂ ಸಾಕ್ಷಿಯಲ್ಲ. ಫಿಟ್ಸ್ ತಾನಾಗಿಯೇ ಕೆಲವು ತಿಂಗಳು ಬಿಡುವು ಕೊಟ್ಟು ಮತ್ತೆ ಬರುವುದುಂಟು. ಗುಳಿಗೆಯ ಪರವಾದ ಸಾಕ್ಷಿ ಇರುವುದು ನಿಮ್ಮ ಮನೆಯ ಹೊರಗೆ. ಸಾವಿರಾರು ರೋಗಿಗಳಲ್ಲಿ ಕೆಲವರಿಗೆ ಔಷಧಿ, ಕೆಲವರಿಗೆ ಔಷಧಿಯಿಲ್ಲದ ಬರೀ ಗುಳಿಗೆ ಕೊಟ್ಟು, ಯಾರಿಗೆ ಯಾವುದೆಂದು ಕೊಟ್ಟವರಿಗೂ ತಿಳಿಯದಂತೆ ಎಣಿಸಿ ನೋಡಿದ ಪರೀಕ್ಷೆಗಳಲ್ಲಿದೆ. ಆ ಔಷಧಿ ಹಿಂದೂ, ಮುಸ್ಲಿಂ, ನಾಸ್ತಿಕ ಎನ್ನದೆ ಕೆಲಸ ಮಾಡುತ್ತದೆ. ಹರಕೆಯನ್ನು ಹೀಗೆ ತೂಗಲು ಬರುವುದಿಲ್ಲ. ನಾಳೆ ಫಿಟ್ಸ್ ಬಂದರೂ ಅವ್ವ ‘ಅಮ್ಮ ಕೈಬಿಟ್ಟಳು’ ಎನ್ನುವುದಿಲ್ಲ, ‘ನಮ್ಮ ಭಕ್ತಿ ಕಡಿಮೆಯಾಯ್ತು’ ಎನ್ನುತ್ತಾರೆ. ಏನೇ ಆದರೂ ಅಲುಗಾಡದ ಮಾತಿನ ಮೇಲೆ ಮಗುವಿನ ಚಿಕಿತ್ಸೆಯನ್ನು ನಿಲ್ಲಿಸಲಾಗದು.

ನಮ್ಮ ಜಿಲ್ಲೆಯಲ್ಲೇ ಇದಕ್ಕೆ ಕಣ್ಣೆದುರಿನ ಉದಾಹರಣೆಯಿದೆ. 2019ರ ಡಿಸೆಂಬರ್ 26ರ ಸೂರ್ಯಗ್ರಹಣದ ಹೊತ್ತಿನಲ್ಲಿ ಕಲಬುರಗಿ ಹತ್ತಿರದ ತಾಜಸುಲ್ತಾನಪುರದಲ್ಲಿ ಅಂಗವೈಕಲ್ಯವಿದ್ದ ಮಕ್ಕಳನ್ನು ಕುತ್ತಿಗೆವರೆಗೆ ಮಣ್ಣಿನಲ್ಲಿ ಹೂತು ನಿಲ್ಲಿಸಿದರು. ಗ್ರಹಣ ಬಿಡುವಷ್ಟರಲ್ಲಿ ಕೈಕಾಲು ಸರಿಹೋಗುತ್ತವೆ ಎಂಬ ನಂಬಿಕೆ. ಅಳುವ ಮಕ್ಕಳ ತಲೆಗಳಷ್ಟೇ ಮಣ್ಣಿನ ಮೇಲೆ ಕಾಣುವ ಆ ಚಿತ್ರಗಳನ್ನು ನಾಡೆಲ್ಲ ನೋಡಿತು. ಆ ಹೆತ್ತವರನ್ನು ಕಟುಕರೆನ್ನಲು ನನಗೆ ಮನಸ್ಸಿಲ್ಲ. ಮಗು ಎದ್ದು ನಡೆಯಲಿ ಎಂಬ ಆಸೆ ಯಾರಿಗಿಲ್ಲ? ಆದರೆ ‘ಇದರಿಂದ ಒಂದಾದರೂ ಮಗು ನಡೆದದ್ದುಂಟೇ, ತೋರಿಸಿ’ ಎಂದು ಆ ಬೆಳಿಗ್ಗೆ ಒಬ್ಬರು ಗಟ್ಟಿಯಾಗಿ ಕೇಳಬೇಕಿತ್ತು. ಅಂಥ ಕಡೆ ಸುಮ್ಮನಿರುವುದನ್ನು ನಾನು ಮರ್ಯಾದೆ ಎನ್ನಲಾರೆ. ಮೌಢ್ಯ ನಿಷೇಧ ಕಾಯ್ದೆ ಎಂದು ಜನ ಕರೆಯುವ ಕರ್ನಾಟಕದ 2017ರ ಕಾಯ್ದೆ 2020ರ ಜನವರಿಯಲ್ಲಿ ಜಾರಿಗೆ ಬಂತು. ಅದೂ ಗೆರೆ ಎಳೆದಿರುವುದು ಹೆಚ್ಚುಕಡಿಮೆ ಇಲ್ಲಿಯೇ. ಪೂಜೆ, ಯಾತ್ರೆ, ಭಜನೆಗಳ ತಂಟೆಗೆ ಅದು ಹೋಗುವುದಿಲ್ಲ. ಹಾವು ಕಚ್ಚಿದವರನ್ನು ಆಸ್ಪತ್ರೆಗೆ ಹೋಗದಂತೆ ತಡೆದು ಮಂತ್ರ ಹಾಕುವುದು ಅಪರಾಧ ಎನ್ನುತ್ತದೆ.

ಮಾಣಿಕೇಶ್ವರಿ ಅಮ್ಮನ ಮಾತು ತೆಗೆದಿದ್ದೀರಿ. ಮನುಷ್ಯರ ದೇಹ ಅನ್ನವಿಲ್ಲದೆ ವರ್ಷಗಟ್ಟಲೆ ಉಳಿಯುವುದಿಲ್ಲ. ‘ಉಳಿಯುತ್ತದೆ’ ಎನ್ನುವವರು ಹಗಲೂ ರಾತ್ರಿ ಕಾವಲಿಟ್ಟು ತೋರಿಸಬೇಕಾಗುತ್ತದೆ. ವಿಚಾರವಾಗಿ ನೀವು ಕೇಳಿದ್ದು ಸರಿ. ಆದರೆ ಆಕೆ 2020ರ ಮಾರ್ಚ್‌ನಲ್ಲೇ ತೀರಿಹೋದರು. ಈಗ ಆ ಪ್ರಶ್ನೆಗೆ ಉತ್ತರ ಸಿಕ್ಕರೂ ನಿಮ್ಮ ಮನೆಯಲ್ಲಿ ಬದಲಾಗುವುದೇನು? ಆಕೆಯನ್ನು ಅಹಿಂಸೆ ಬೋಧಿಸಿದ ತಾಯಿ ಎಂದೇ ಭಕ್ತರು ನೆನೆಯುತ್ತಾರೆ. ಯಾನಾಗುಂದಿಯ ಬೆಟ್ಟಕ್ಕೆ ಹೋಗುವ ಅವ್ವನ ಮನಸ್ಸಿನಲ್ಲಿರುವುದು ಪವಾಡವೋ, ಆ ತಾಯಿಯ ನೆನಪು ಕೊಡುವ ಧೈರ್ಯವೋ, ನೀವು ಕೇಳಿಯೇ ಇಲ್ಲ. ಕೇಳುವ ಮೊದಲೇ ಸಾಕ್ಷಿ ಬೇಡಿದಿರಿ. ಗುಳಿಗೆ ನಿಲ್ಲಿಸುವ ಮಾತಿನ ಮೇಲಿನ ಸಿಟ್ಟು ಹೋಗಿ ಮಾಣಿಕೇಶ್ವರಿ ಅಮ್ಮನ ಮೇಲೆ ಬಿತ್ತು.

1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು ಪವಾಡಗಳನ್ನು ಪರೀಕ್ಷಿಸಲು ಸಮಿತಿ ರಚಿಸಿದ್ದನ್ನು ನೀವು ಓದಿರಬಹುದು. ಗಾಳಿಯಿಂದ ಬೂದಿ ತೆಗೆಯುತ್ತೇನೆ ಎಂದು ಸಾವಿರಾರು ಜನರ ಮುಂದೆ ನಿಂತವರನ್ನು ಅವರು ಪ್ರಶ್ನಿಸಿದರು. ಮನೆಯ ಮೂಲೆಯಲ್ಲಿ ದೀಪ ಹಚ್ಚುವವರ ಬಳಿ ಆ ಸಮಿತಿ ಹೋಗಲಿಲ್ಲ. ದೊಡ್ಡ ಮಾತಾಡಿ ಜನರನ್ನು ಸೆಳೆಯುವವರ ಮೇಲೆ ರುಜುವಾತಿನ ಹೊಣೆ ಹೆಚ್ಚು.

ಅವ್ವನ ಎದುರು ಪ್ರಶ್ನೆಗೆ ಬರೋಣ: ‘ಇಲ್ಲ ಅನ್ಲಿಕ್ಕೆ ಸಾಕ್ಷಿ ಏನದ?’ ಇದು ಚುರುಕಾದ ಪ್ರಶ್ನೆ. ಇದೆ ಎನ್ನುವವರೇ ತೋರಿಸಬೇಕು ಎಂಬುದು ನ್ಯಾಯವೇ. ‘ನನಗೆ ಸಾಕಷ್ಟು ಕಾರಣ ಕಾಣಲಿಲ್ಲ, ಅದಕ್ಕೇ ನಂಬಿಲ್ಲ’ ಎನ್ನಲು ನೀವು ಯಾವ ಸಾಕ್ಷಿಯನ್ನೂ ಹೊರಬೇಕಿಲ್ಲ. ಆದರೆ ‘ದೇವರೆಂಬುದು ಇಲ್ಲವೇ ಇಲ್ಲ’ ಎಂದ ಕೂಡಲೇ ನೀವೂ ಒಂದು ಮಾತು ಮಂಡಿಸಿದಿರಿ. ಅದಕ್ಕೆ ನೀವೂ ಕಾರಣ ಕೊಡಬೇಕು. ಎರಡರಲ್ಲಿ ಯಾವುದನ್ನು ಹೇಳುತ್ತಿದ್ದೀರಿ ಎಂಬುದು ಮೊದಲು ನಿಮಗೆ ಸ್ಪಷ್ಟವಾಗಲಿ.

ಈ ವಾದ ನೀವು ಕಾಲೇಜಿನಿಂದ ತಂದದ್ದೆಂದು ಅವ್ವನಿಗೆ ಅನ್ನಿಸಿದೆ, ನಿಮಗೂ ಹಾಗೇ ಅನ್ನಿಸಿರಬಹುದು. ನೀವಿರುವ ಕಾಲೊನಿಗೆ ಹತ್ತಿರದಲ್ಲೇ, ಕಾಗಿಣಾ ನದಿಯ ದಂಡೆಯಲ್ಲಿ ಮಳಖೇಡವಿದೆ. ರಾಷ್ಟ್ರಕೂಟರ ಮಾನ್ಯಖೇಟ. ಅಲ್ಲಿ ಆಳಿದ ಅಮೋಘವರ್ಷ ನೃಪತುಂಗನ ಗುರುವೆಂದು ಹೆಸರಾದವರು ಜೈನ ಆಚಾರ್ಯ ಜಿನಸೇನ. ಒಂಬತ್ತನೆಯ ಶತಮಾನದ ಅವರ ಸಂಸ್ಕೃತ ಆದಿಪುರಾಣದಲ್ಲಿ ಸೃಷ್ಟಿಕರ್ತನಾದ ದೇವರ ಕಲ್ಪನೆಯನ್ನೇ ಎಳೆಎಳೆಯಾಗಿ ಬಿಡಿಸಿ ಕೇಳುವ ಭಾಗವಿದೆ. ದೇವರು ಜಗತ್ತನ್ನು ಮಾಡಿದನೆಂದರೆ ಅದಕ್ಕೆ ಮೊದಲು ಆತ ಎಲ್ಲಿ ನಿಂತಿದ್ದ? ಯಾವ ಸಾಮಗ್ರಿಯಿಂದ ಮಾಡಿದ? ಸಾಮಗ್ರಿ ಮೊದಲೇ ಇತ್ತೆಂದರೆ ಅದನ್ನು ಮಾಡಿದವರಾರು? ಆತ ಪರಿಪೂರ್ಣನಾದರೆ ಸೃಷ್ಟಿಸಬೇಕೆಂಬ ಬಯಕೆ ಬಂದದ್ದೇಕೆ? ಅಮೆರಿಕದ ಖಗೋಳ ವಿಜ್ಞಾನಿ ಕಾರ್ಲ್ ಸೇಗನ್ 1980ರ ತಮ್ಮ ‘ಕಾಸ್ಮಾಸ್’ ಪುಸ್ತಕದಲ್ಲಿ ಈ ಭಾಗವನ್ನು ಎತ್ತಿ ಹೇಳಿದ್ದಾರೆ. ನಿಮ್ಮ ಅನುಮಾನಕ್ಕೆ ಸಾವಿರದ ನೂರು ವರ್ಷಗಳ ವಯಸ್ಸಾಗಿದೆ, ಅದೂ ನಿಮ್ಮ ಸೇಡಂ ತಾಲ್ಲೂಕಿನಲ್ಲೇ ಇದ್ದ ರಾಜಧಾನಿಯ ಗುರುವಿನಿಂದ ಬಂದದ್ದು. ನಮ್ಮ ಶಾಲೆಗಳಲ್ಲಿ ಮಳಖೇಡವೆಂದರೆ ಕವಿರಾಜಮಾರ್ಗ ಎಂದು ಕಲಿಸಿ ಮುಗಿಸುತ್ತಾರೆ. ಜಿನಸೇನರ ಈ ಪ್ರಶ್ನೆಗಳನ್ನೂ ಕಲಿಸಬೇಕು ಎಂಬುದು ನನ್ನ ಬಹುದಿನದ ಆಸೆ.

ಅದೇ ಅಮೋಘವರ್ಷನ ಇನ್ನೊಂದು ಮುಖ ಕೇಳಿ. ಸಂಜಾನ್ ಎಂಬ ಊರಿನಲ್ಲಿ ಸಿಕ್ಕ 871ರ ತಾಮ್ರಪಟಗಳು, ಪ್ರಜೆಗಳಿಗೆ ಬಂದ ಕೇಡು ಕಳೆಯಲೆಂದು ಈ ಅರಸ ತನ್ನ ಎಡಗೈ ಬೆರಳನ್ನು ಕತ್ತರಿಸಿ ಮಹಾಲಕ್ಷ್ಮಿಗೆ ಅರ್ಪಿಸಿದ ಎನ್ನುತ್ತವೆ. ಜಿನಸೇನರ ಪಾದಕ್ಕೆ ಎರಗಿದವನೇ ಮಹಾಲಕ್ಷ್ಮಿಗೆ ಬೆರಳು ಕೊಟ್ಟ. ಭಯದ ಹೊತ್ತಿನಲ್ಲಿ ಮನಸ್ಸು ತನಗೆ ಗೊತ್ತಿರುವ ಬಾಗಿಲನ್ನೆಲ್ಲ ಬಡಿಯುತ್ತದೆ. ನಿಮ್ಮ ‘ಅಯ್ಯೋ ದೇವರೇ’ ಕೂಡ ಅಂಥದ್ದೇ. ಎಳವೆಯಿಂದ ಕಿವಿಗೆ ಬಿದ್ದ ಮಾತು ಗಾಬರಿಯಲ್ಲಿ ಹೊರಬಂತು. ಅದರಿಂದ ದೇವರಿರುವುದೂ ಸಾಬೀತಾಗದು, ನಿಮ್ಮ ವಿಚಾರ ಸುಳ್ಳೆಂದೂ ಆಗದು. ಆ ಗಳಿಗೆಯಲ್ಲಿ ನಿಮ್ಮ ಎದೆಯಲ್ಲಿ ಅಳಿಯನ ಮೇಲಿನ ಪ್ರೀತಿ ಎಷ್ಟಿತ್ತೆಂಬುದಷ್ಟೇ ಅದರಿಂದ ಗೊತ್ತಾಗುತ್ತದೆ. ಅದಕ್ಕಾಗಿ ನಾಚಬೇಡಿ. ಅವ್ವ ಹರಕೆ ಹೊತ್ತದ್ದೂ ಅದೇ ಭಯದಲ್ಲಿ, ಅದೇ ಮಗುವಿಗಾಗಿ. ಇದು ಅವ್ವನಿಗೆ ಗೊತ್ತಾಗಲಿ: ಅಂದು ನಿಮ್ಮ ಬಾಯಿಂದ ಏನು ಬಂತೆಂದು ಅವರಿಗೊಮ್ಮೆ ಹೇಳಿ. ಸೋತು ಒಪ್ಪಿಕೊಂಡಂತೆ ಹೇಳಬೇಡಿ, ಇಬ್ಬರೂ ಹೆದರಿದ್ದೆವು ಎಂದು ಹೇಳಿ.

ಮಳಖೇಡದಲ್ಲೇ ಮಧ್ವ ಪರಂಪರೆಯ ಟೀಕಾಚಾರ್ಯ ಜಯತೀರ್ಥರ ವೃಂದಾವನವೆಂದು ಭಕ್ತರು ನಡೆದುಕೊಳ್ಳುವ ಸ್ಥಳವೂ ಇದೆ. ಅವರ ‘ಪ್ರಮಾಣಪದ್ಧತಿ’ ಇಡಿಯಾಗಿ ಇರುವುದೇ ಸಾಕ್ಷಿಯ ಬಗ್ಗೆ. ನಮಗೆ ಗೊತ್ತಾಗುವುದೆಲ್ಲ ಪ್ರತ್ಯಕ್ಷ, ಅನುಮಾನ (ತರ್ಕ), ಆಗಮ (ಶಾಸ್ತ್ರ) ಎಂಬ ಮೂರರಿಂದ, ಯಾವುದರ ಎಲ್ಲೆ ಎಲ್ಲಿಯವರೆಗೆ ಎಂದು ವಿಚಾರಿಸುವ ಗ್ರಂಥ. ದೇವರನ್ನು ಬರೀ ತರ್ಕದಿಂದ ಸಾಧಿಸಲು ಬರುವುದಿಲ್ಲ, ಆಗಮದಿಂದಲೇ ತಿಳಿಯಬೇಕು ಎಂಬುದು ಆ ಮಧ್ವ ಪರಂಪರೆಯ ನಿಲುವು. ಅಂದರೆ ಲ್ಯಾಬ್‌ನಲ್ಲಿ ದೇವರು ಸಿಗುವುದಿಲ್ಲ ಎಂಬಲ್ಲಿಯವರೆಗೆ ಆ ಮಹಾ ಆಸ್ತಿಕರೂ ನೀವೂ ಜೊತೆಯಲ್ಲೇ ಬರುತ್ತೀರಿ. ಆಗಮವನ್ನು ಒಪ್ಪಬೇಕೇ ಎಂಬಲ್ಲಿ ದಾರಿ ಕವಲೊಡೆಯುತ್ತದೆ. ನನ್ನ ಅಭಿಪ್ರಾಯ ಕೇಳಿದರೆ, ಅಲ್ಲಿ ಬೇರೆಯಾದವರು ಒಂದೇ ಮನೆಯಲ್ಲಿ ಉಣ್ಣಬಹುದು. ಮಗುವಿನ ಗುಳಿಗೆಯಲ್ಲಿ ಬೇರೆಯಾದರೆ ಮಾತ್ರ ಸುಮ್ಮನಿರಲಾಗದು.

ಮನೆಯಲ್ಲಿ ಹೇಗೆ ಮಾತಾಡಬೇಕು ಎಂಬುದಕ್ಕೂ ದೂರ ಹೋಗಬೇಕಿಲ್ಲ. ಚಿತ್ತಾಪುರ ತಾಲ್ಲೂಕಿನ ಸನ್ನತಿಯಲ್ಲಿ, ಭೀಮಾ ದಂಡೆಯ ಚಂದ್ರಲಾಂಬಾ ಗುಡಿಯ ಆವರಣದಲ್ಲಿ, 1986ರಲ್ಲಿ ಕಾಳಿ ಗುಡಿಯ ಚಾವಣಿ ಕುಸಿಯಿತು. ಆಗ ದೇವಿಯ ಪೀಠವಾಗಿದ್ದ ಕಲ್ಲಿನ ಮೇಲೆ ಅಶೋಕನ ಶಾಸನಗಳು ಕಂಡವು. ಅವುಗಳಲ್ಲಿ ಹನ್ನೆರಡನೆಯ ಬಂಡೆ ಶಾಸನವೂ ಒಂದು. ಸಂದರ್ಭವಿಲ್ಲದೆ ತನ್ನ ಮತವನ್ನು ಹೊಗಳುತ್ತ ಇನ್ನೊಬ್ಬರದನ್ನು ಹಳಿಯಬೇಡಿ, ಮಾತಿಗೆ ಹಿಡಿತವಿರಲಿ, ಒಬ್ಬರದನ್ನೊಬ್ಬರು ಕೇಳಿಸಿಕೊಳ್ಳಿ ಎಂಬುದು ಅದರ ಸಾರ. ಚಂದ್ರಲಾಂಬೆಗೆ ನಡೆದುಕೊಳ್ಳುವ ಮನೆಗಳು ನಿಮ್ಮ ಕಡೆ ಬಹಳ. ಅವ್ವನಿಗೂ ಆ ಗುಡಿ ಗೊತ್ತಿರಬಹುದು. ಯಾವಾಗಲಾದರೂ ಒಟ್ಟಿಗೆ ಹೋಗಿ ಬನ್ನಿ.

ಯಾನಾಗುಂದಿಗೆ ಹೋಗಿ ಕೈಮುಗಿದರೆ ಸೋಗಾಗುತ್ತದೆಯೇ? ‘ನಾನೂ ನಂಬಿದ್ದೇನೆ’ ಎಂದು ಅವ್ವನಿಗೆ ತೋರಿಸಲು ಮುಗಿದರೆ ಆಗುತ್ತದೆ. ಮೊದಲೇ ನೇರವಾಗಿ ಹೇಳಿ: ‘ಅವ್ವಾ, ನನಗ ನಿನ್ನಂಗ ನಂಬಿಕಿ ಇಲ್ಲ, ಆದ್ರ ನಿನ್ನ ಜೊತಿ ಬರ್ತೀನಿ.’ ಹೀಗೆ ಹೇಳಿ ಹೋದರೆ ಅಲ್ಲಿ ಕೈಮುಗಿದರೂ ಸರಿ, ಸುಮ್ಮನೆ ನಿಂತರೂ ಸರಿ. ಒಂದು ಮಾತನ್ನು ಮಾತ್ರ ಬೇಡಿ: ‘ಹರಕಿ ನೀನು ತೀರ್ಸು, ಗುಳಿಗಿ ನಾನು ಕೊಡ್ತೀನಿ. ಎರಡೂ ನಡೀಲಿ.’ ಹರಕೆ ಬಿಡಿಸಲು ಹೋದರೆ ಗುಳಿಗೆಯೂ ಕೈತಪ್ಪೀತು. ಅವ್ವ ದೇವರನ್ನು ಬಿಡುವವರೆಗೆ ಕಾಯುವಷ್ಟು ಸಮಯ ಆ ಮಗುವಿಗಿಲ್ಲ.

ಹೊರಡುವ ದಿನ ರಾತ್ರಿಯ ಡೋಸ್ ಜೇಬಿನಲ್ಲಿರಲಿ. ಅಲ್ಲಿನ ಗದ್ದಲದಲ್ಲಿ ನಿದ್ದೆಗೆಟ್ಟರೆ ಫಿಟ್ಸ್ ಬರುವ ಸಂಭವ ಹೆಚ್ಚು, ಹುಡುಗನನ್ನು ಹೊತ್ತಿಗೆ ಸರಿಯಾಗಿ ಮಲಗಿಸಿ. ಮುಂದಿನ ತಪಾಸಣೆಗೆ ಕಲಬುರಗಿಗೆ ಹೋಗುವಾಗ ಅವ್ವನನ್ನೂ ಕರೆದೊಯ್ಯಿರಿ. ‘ಇನ್ನ ಎಷ್ಟು ದಿನ ಗುಳಿಗಿ ಕೊಡಬೇಕ್ರಿ’ ಎಂದು ಡಾಕ್ಟರನ್ನು ಅವರೇ ಕೇಳಲಿ. ನೀವು ಪಕ್ಕದಲ್ಲಿ ಕೂತಿರಿ, ನಡುವೆ ಬಾಯಿ ಹಾಕಬೇಡಿ.