ಗಳಗಂಡ: ಮುಚ್ಚಿಡಬೇಡಿ, ತೋರಿಸಿ

ಬೇಸಿಗೆಯಲ್ಲೂ ಕುತ್ತಿಗೆಗೆ ಸೆರಗು ಸುತ್ತಿಕೊಂಡೇ ಇರುವ ಹೆಂಗಸರನ್ನು ನೋಡಿದ್ದೀರಾ? ಕೆಲವರು ಹಾಗೆ ಮಾಡುವುದು ಕುತ್ತಿಗೆಯ ಮುಂದಿನ ಊತ ಕಾಣಬಾರದು ಅಂತ. ಆ ಊತಕ್ಕೆ ಗಳಗಂಡ ಎಂದು ಹೆಸರು.

ಇದು ಏಕೆ ಬರುತ್ತದೆ?

ಕುತ್ತಿಗೆಯ ಮುಂಭಾಗದಲ್ಲಿ, ಶ್ವಾಸನಾಳಕ್ಕೆ ಅಂಟಿಕೊಂಡು, ಚಿಟ್ಟೆಯ ಆಕಾರದ ಥೈರಾಯ್ಡ್ ಗ್ರಂಥಿ ಇದೆ. ತೂಕ ಸುಮಾರು 20 ಗ್ರಾಂ. ಅದರ ಹಾರ್ಮೋನು ತಯಾರಾಗಲು ಅಯೋಡಿನ್ ಬೇಕು. ದೊಡ್ಡವರಿಗೆ ದಿನಕ್ಕೆ 150 ಮೈಕ್ರೋಗ್ರಾಂ ಸಾಕು. ಗರ್ಭಿಣಿಗೆ 250 ಬೇಕು. ಅಯೋಡಿನ್ ಕಡಿಮೆಯಾದರೆ ಗ್ರಂಥಿ ದುಡಿದು ದುಡಿದು ದಪ್ಪವಾಗುತ್ತದೆ. ಗ್ರಂಥಿಯೊಳಗೆ ಗಂಟು ಬೆಳೆದರೂ, ಬೇರೆ ಕಾಯಿಲೆಗಳಿಂದಲೂ ಊದಬಹುದು. ಇದು ಶಾಪವಲ್ಲ, ಒಬ್ಬರಿಂದ ಒಬ್ಬರಿಗೆ ಅಂಟುವುದೂ ಇಲ್ಲ.

ಏನೇನು ತೊಂದರೆ?

ಸಣ್ಣ ಊತ ನೋಯುವುದಿಲ್ಲ. ಕನ್ನಡಿ ಮುಂದೆ ನಿಂತು ಒಂದು ಗುಟುಕು ನೀರು ಕುಡಿದರೆ, ಊತ ಮೇಲೆ ಹೋಗಿ ಕೆಳಗೆ ಬರುವುದು ಕಾಣುತ್ತದೆ. ದೊಡ್ಡದಾದರೆ ಅನ್ನನಾಳ, ಶ್ವಾಸನಾಳ ಒತ್ತುತ್ತದೆ. ತುತ್ತು ನಿಧಾನವಾಗಿ ಇಳಿಯುತ್ತದೆ, ಒಣ ಕೆಮ್ಮು ಬರುತ್ತದೆ, ಅಂಗಾತ ಮಲಗಿದರೆ ಉಸಿರು ಕಟ್ಟಿದ ಹಾಗೆ ಆಗುತ್ತದೆ.

ಹಾರ್ಮೋನು ಕಡಿಮೆಯಾದರೆ ಸುಸ್ತು, ಚಳಿ, ಮಲಬದ್ಧತೆ, ಒಣ ಚರ್ಮ. ಜಾಸ್ತಿಯಾದರೆ ಎದೆ ಬಡಿದುಕೊಳ್ಳುತ್ತದೆ, ಕೈ ನಡುಗುತ್ತದೆ, ಚೆನ್ನಾಗಿ ಉಂಡರೂ ತೂಕ ಇಳಿಯುತ್ತದೆ. ಇಂಥವರನ್ನು ‘ಸೋಮಾರಿ’, ‘ಸಿಡುಕಿ’ ಅಂತ ಬೈಯುವವರು ಬಹಳ. ಅದು ಸ್ವಭಾವವಲ್ಲ, ಕಾಯಿಲೆ. ರಕ್ತಪರೀಕ್ಷೆಯಿಂದ ಗೊತ್ತಾಗುತ್ತದೆ.

ದಿನನಿತ್ಯ ಹೇಗಿರಬೇಕು?

1. ನೆಟ್ಟಗೆ ಕೂತು, ಸಣ್ಣ ತುತ್ತು ಮಾಡಿ, ಚೆನ್ನಾಗಿ ಅಗಿದು ಉಣ್ಣಬೇಕು.
2. ಉಸಿರು ಕಟ್ಟಿದಂತಾದರೆ ತಲೆ ಎತ್ತರಿಸಿ ಮಲಗಬಹುದು. ಆದರೆ ಅಷ್ಟಕ್ಕೇ ಬಿಡದೆ ವೈದ್ಯರಿಗೆ ಹೇಳಬೇಕು.
3. ಹಾರ್ಮೋನು ಕಡಿಮೆ ಇದ್ದು ಮಾತ್ರೆ ಕೊಟ್ಟಿದ್ದರೆ, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ಕಾಫಿ ತಿಂಡಿಗೆ ಅರ್ಧದಿಂದ ಒಂದು ಗಂಟೆ ಮೊದಲು ನುಂಗಬೇಕು. ಕಬ್ಬಿಣಾಂಶದ ಅಥವಾ ಕ್ಯಾಲ್ಸಿಯಂ ಮಾತ್ರೆಗೂ ಇದಕ್ಕೂ 4 ಗಂಟೆ ಅಂತರವಿರಲಿ. ಹುಷಾರಾಯ್ತು ಅಂತ ತಾವೇ ನಿಲ್ಲಿಸಬಾರದು.

ಉಸಿರಾಟಕ್ಕೆ ಕಷ್ಟವಾದರೆ, ಧ್ವನಿ ಗೊಗ್ಗರಾಗಿ ಸರಿಹೋಗದಿದ್ದರೆ, ಊತ ಬೇಗ ಬೆಳೆದರೆ, ಕೈ ಎರಡೂ ಮೇಲೆತ್ತಿದಾಗ ಮುಖ ಕೆಂಪಾದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ತಡೆಯುವುದು ಹೇಗೆ?

ಹಿಮಾಚಲದ ಕಾಂಗ್ಡಾ ಕಣಿವೆಯಲ್ಲಿ ಡಾ. ವಿ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು 1956ರಲ್ಲಿ ಒಂದು ಪ್ರಯೋಗ ಆರಂಭಿಸಿದರು. ಪ್ರದೇಶವನ್ನು ಮೂರು ಭಾಗ ಮಾಡಿ, ಎರಡಕ್ಕೆ ಅಯೋಡಿನ್ ಉಪ್ಪು, ಒಂದಕ್ಕೆ ಸಾದಾ ಉಪ್ಪು ಕೊಟ್ಟರು. ಕೆಲವು ವರ್ಷಗಳಲ್ಲಿ ಅಯೋಡಿನ್ ಉಪ್ಪು ತಿಂದ ಕಡೆ ಗಳಗಂಡ ಚೆನ್ನಾಗಿ ಇಳಿಯಿತು. 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಶುರುವಾಯಿತು.

ಸಮುದ್ರದ ಉಪ್ಪಾದರೆ ಸಾಕು ಅನ್ನುವುದು ತಪ್ಪು. ಅಯೋಡಿನ್ ಬೆರೆಸದ ಕಲ್ಲುಪ್ಪಿನಲ್ಲಿ ಅದು ತೀರಾ ಕಡಿಮೆ. ಉಪ್ಪನ್ನು ಮುಚ್ಚಿದ ಡಬ್ಬಿಯಲ್ಲಿ, ತೇವ ತಾಗದಂತೆ ಇಡಿ. ಹಾಗಂತ ಉಪ್ಪು ಹೆಚ್ಚು ತಿನ್ನಬೇಡಿ. ಹಳೆಯ ದೊಡ್ಡ ಊತ ಉಪ್ಪಿನಿಂದಲೇ ಕರಗುವುದಿಲ್ಲ. ಅದಕ್ಕೆ ವೈದ್ಯರೇ ಬೇಕು.

ನೆನಪಿಡಿ: ಕುತ್ತಿಗೆ ಊದಿದವರಿಗೆ ಅಡ್ಡಹೆಸರು ಇಟ್ಟರೆ ಅವರು ಇನ್ನಷ್ಟು ಮುಚ್ಚಿಡುತ್ತಾರೆ, ಚಿಕಿತ್ಸೆ ತಡವಾಗುತ್ತದೆ. ನಗಬೇಡಿ, ಆಸ್ಪತ್ರೆಗೆ ಜೊತೆಯಲ್ಲಿ ಹೋಗಿ.